ಬೀಗ ಹಾಕಿದ ತಾಂಡಾ, ತೋಟದ ಲೈನ್ ಮನೆ: ಗುಳೆ ಸಿನಿಮಾ ಒಂದರ ಕೆಲಸದ ವಿವರ

ದಾವಣಗೆರೆ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ಮೆಕ್ಕೆಜೋಳ ಮುರಿದು, ಕಾಳು ಮಾಡಿ ಮಾರಿದ ಮೇಲೆ ಮನೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತೆ. ದೀಪಾವಳಿ ಕಳೆದು ಹತ್ತು ಹದಿನೈದು ದಿನ ಅಂತ ಅಂದಾಜು ಹೇಳಬಹುದು. ತಾರೀಖು ಕೇಳಿದರೆ ಯಾರೂ ಹೇಳಲ್ಲ, ಅವರಿಗೂ ಗೊತ್ತಿರಲ್ಲ. ಘಟ್ಟದಲ್ಲಿ ಕಾಫಿ ಹಣ್ಣು ಎಷ್ಟು ಕೆಂಪಾಗಿದೆ ನೋಡಿಕೊಂಡು, ಆಳುಗಳನ್ನು ತೋಟಕ್ಕೆ ಕರೆದೊಯ್ಯುವ ಮೇಸ್ತ್ರಿ ಫೋನ್ ಮಾಡ್ತಾನೆ. ಫೋನ್ ಬಂದ ರಾತ್ರಿಯೇ ಪಿಕಪ್ ಗಾಡಿ ತಾಂಡಾಕ್ಕೆ ಬಂದು ನಿಲ್ಲುತ್ತೆ. ಗುಳೆಯ ಬಗ್ಗೆ ಸಿನಿಮಾ ಮಾಡಹೊರಟವರ ಶೂಟಿಂಗ್ ಕ್ಯಾಲೆಂಡರನ್ನು ಕಾಫಿ ಗಿಡವೇ ಬರೆಯುತ್ತೆ.

ಮಾಯಕೊಂಡ ಕಡೆಯ ಒಂದು ತಾಂಡಾದಿಂದ ಚಿಕ್ಕಮಗಳೂರು ಜಿಲ್ಲೆಯ ತೋಟಕ್ಕೆ ಹೋಗಿಬರುವ ಮೂರು ಮನೆಯವರನ್ನು ಹಿಡಿದು ಮಾಡಿದ 28 ನಿಮಿಷದ ಸಾಕ್ಷ್ಯಚಿತ್ರದ ಕೆಲಸ ಹೇಗೆ ನಡೆಯಿತು ಅನ್ನೋದು ಇಲ್ಲಿದೆ. ತಾಂಡಾದ ಹೆಸರು, ತೋಟದ ಹೆಸರು ಚಿತ್ರದಲ್ಲೂ ಇಲ್ಲ, ಇಲ್ಲೂ ಇಲ್ಲ. ಕಾರಣ ಮುಂದೆ ಬರುತ್ತೆ.

ಶೂಟಿಂಗ್ ಒಟ್ಟು 19 ದಿನ, ಆದರೆ ಐದು ಕಂತಿನಲ್ಲಿ. ಅಕ್ಟೋಬರ್‌ನಲ್ಲಿ ಜೋಳದ ಕಟಾವಿಗೆ 4 ದಿನ, ನವೆಂಬರ್‌ನಲ್ಲಿ ಹೊರಡುವ ರಾತ್ರಿಗೆ 2, ಜನವರಿಯಲ್ಲಿ ತೋಟದಲ್ಲಿ 6, ಫೆಬ್ರವರಿ ಮಧ್ಯದಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಾತ್ರೆಗೆ 3, ಹೋಳಿ ಹಬ್ಬಕ್ಕೆ 4. ನವೆಂಬರ್‌ನ ಆ 2 ದಿನಕ್ಕೆ ಆರು ರಾತ್ರಿ ಕಾದದ್ದು ಲೆಕ್ಕಕ್ಕಿಲ್ಲ. ಸಲಕರಣೆ ಬಾಡಿಗೆಗೆ ತರುವವರಿಗೆ ಈ ಕಂತಿನ ಪದ್ಧತಿ ದುಬಾರಿ, ಬಾಡಿಗೆಯವರು ಕಾಯುವ ದಿನಕ್ಕೂ ಮೀಟರ್ ಓಡಿಸ್ತಾರೆ. ಆದ್ದರಿಂದ ದೊಡ್ಡ ಕ್ಯಾಮೆರಾ ಬಾಡಿಗೆಗೆ ತರೋದಕ್ಕಿಂತ ಸ್ವಂತದ ಅಥವಾ ಗೆಳೆಯರ ಮಿರರ್‌ಲೆಸ್ ಒಂದನ್ನು ವರ್ಷಪೂರ್ತಿ ಕೈಯಲ್ಲಿ ಇಟ್ಟುಕೊಳ್ಳೋದು ಮೇಲು. ದುಡ್ಡನ್ನು ಧ್ವನಿಗೆ ಸುರಿಯಿರಿ.

ತೋಟದವರನ್ನು ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ: ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು? ಅರೇಬಿಕಾ ಕುಯ್ಲು ಸುಮಾರಾಗಿ ನವೆಂಬರ್‌ನಿಂದ ಜನವರಿವರೆಗೆ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಬರೀ ಅರೇಬಿಕಾ ಇರುವ ತೋಟದಲ್ಲಿ ಕುಯ್ಲು ಮುಗಿದ ಕೂಡಲೇ ಮೇಸ್ತ್ರಿ ಆಳುಗಳನ್ನು ಇನ್ನೊಂದು ತೋಟಕ್ಕೆ ಸಾಗಿಸ್ತಾನೆ. ಅಲ್ಲಿನ ಮಾಲೀಕರ ಅನುಮತಿ ನಿಮ್ಮ ಹತ್ತಿರ ಇರಲ್ಲ, ಕಥೆ ಅರ್ಧಕ್ಕೆ ನಿಲ್ಲುತ್ತೆ. ಎರಡೂ ಬೆಳೆ ಇರುವ ತೋಟ ಸಿಕ್ಕರೆ ಅದೇ ಜನ, ಅದೇ ಲೈನ್ ಮನೆ (ತೋಟದ ಆಳುಗಳು ಇರುವ ಸಾಲು ಮನೆ) ಮಾರ್ಚ್‌ವರೆಗೂ ಸಿಗುತ್ತೆ.

ತಂಡದಲ್ಲಿ ನಾಲ್ಕೇ ಜನ: ಕ್ಯಾಮೆರಾ, ಧ್ವನಿ, ನಿರ್ದೇಶನ, ಮತ್ತೆ ಗಾಡಿ ಓಡಿಸಿಕೊಂಡು ಕ್ಯಾಮೆರಾದ ಮೆಮೊರಿ ಕಾರ್ಡ್ ಕಾಪಿ ಮಾಡುವ ಒಬ್ಬರು. ನಾಲ್ವರಲ್ಲಿ ಒಬ್ಬರಿಗೆ ಲಂಬಾಣಿ ಬರಲೇಬೇಕು, ಆ ಒಬ್ಬರು ಧ್ವನಿಯವರಾದರೆ ಒಳ್ಳೆಯದು. ನಿರ್ದೇಶಕರಿಗೆ ಭಾಷೆ ಬಂದರೆ ಸಾಕು ಅಂತ ಬಹಳ ಜನ ಅಂದುಕೊಳ್ತಾರೆ. ನಿಜವಾಗಿ ಹೆಡ್‌ಫೋನ್ ಹಾಕಿಕೊಂಡು ಇಡೀ ದಿನ ಮಾತು ಕೇಳುವವರು ಬೂಮ್ (ಮೈಕು ಕಟ್ಟಿದ ಉದ್ದ ಕೋಲು) ಹಿಡಿದವರು. ‘ಕಟ್’ ಅಂದ ಮೇಲೂ ಜನ ಮಾತಾಡ್ತಾ ಇರ್ತಾರೆ, ಆ ಮಾತು ಬೇಕೋ ಬೇಡವೋ ಅಂತ ಆ ಕ್ಷಣಕ್ಕೆ ಗೊತ್ತಾಗೋದು ಅವರೊಬ್ಬರಿಗೇ. ಈ ಚಿತ್ರದ ಒಳ್ಳೆಯ ಮಾತುಗಳಲ್ಲಿ ಅರ್ಧಕ್ಕರ್ಧ ‘ಕಟ್’ ಆದಮೇಲಿನವು.

ಯಾಕೆ ಇಷ್ಟು ಒತ್ತಿ ಹೇಳಬೇಕೆಂದರೆ, ತಾಂಡಾದ ಒಬ್ಬ ಹೆಂಗಸಿನ ಬಾಯಲ್ಲಿ ದಿನಕ್ಕೆ ಮೂರು ನುಡಿ ಓಡಾಡುತ್ತೆ. ಮನೆಯಲ್ಲಿ, ಸಾಲಿನಲ್ಲಿ ಜೊತೆಗಾರ್ತಿಯರ ಹತ್ತಿರ ಲಂಬಾಣಿ. ಮೇಸ್ತ್ರಿ, ತೋಟದ ಲೆಕ್ಕ ಬರೆಯುವ ರೈಟ್ರು, ಅಂಗಡಿಯವನ ಹತ್ತಿರ ದಾವಣಗೆರೆ ಕನ್ನಡ: ‘ಬರ್ರೀ’, ‘ಹೋಗ್ಬಂದ್ವಿ’, ‘ಅದಾವ್ರೀ’. ಕ್ಯಾಮೆರಾ ಕಂಡರೆ ಮೂರನೆಯದು, ಪಠ್ಯಪುಸ್ತಕದ ಕನ್ನಡ: ‘ನಾವು ಪ್ರತಿ ವರ್ಷ ಕೂಲಿಗಾಗಿ ಅಲ್ಲಿಗೆ ಹೋಗುತ್ತೇವೆ ಸರ್.’ ಈ ಮೂರನೆಯದನ್ನೇ ಗಂಟೆಗಟ್ಟಲೆ ತುಂಬಿಕೊಂಡು ಬಂದು ಎಡಿಟಿಂಗ್ ಮೇಜಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂರುವ ತಂಡಗಳು ಬೇಕಾದಷ್ಟಿವೆ. ಗುಳೆ, ಗುರುತು, ಇದು ನಮ್ಮದು ಅನ್ನುವ ಭಾವ ಇವೆಲ್ಲ ಮೊದಲ ನುಡಿಯಿಂದ ಎರಡನೆಯದಕ್ಕೆ ಜಾರುವ ಗಳಿಗೆಯಲ್ಲಿ ಕೇಳಿಸುತ್ತವೆ. ಮುಂದಿನ ಎಲ್ಲ ತಾಂತ್ರಿಕ ತೀರ್ಮಾನಗಳೂ ಆ ಜಾರುವಿಕೆಯನ್ನು ಕೆಡಿಸದೆ ಹಿಡಿಯೋದಕ್ಕೆ ಮಾಡಿದವು.

ಹೊರಡುವ ರಾತ್ರಿಯನ್ನೇ ತೆಗೆದುಕೊಳ್ಳಿ. ಗಾಡಿ ಬಂದದ್ದು ಮೂರೂವರೆಗೆ. ಬೀದಿಯಲ್ಲಿ ಇದ್ದ ಬೆಳಕು ಎರಡು: ಪಿಕಪ್ಪಿನ ಹೆಡ್‌ಲೈಟು, ಬಾಗಿಲ ಮೇಲಿನ ಒಂದು ಎಲ್‌ಇಡಿ ಬಲ್ಬು. 35 ಎಂಎಂ ಲೆನ್ಸು, ಎಫ್/1.8, ಶಟರ್ 1/50, ಐಎಸ್‌ಒ 6400. ಅದಕ್ಕಿಂತ ಮೇಲೆ ಹೋದರೆ ಕಪ್ಪಿನಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತೆ. ವೈಟ್ ಬ್ಯಾಲೆನ್ಸನ್ನು ಒಂದು ಅಂಕಿಗೆ ಕಟ್ಟಿ ಹಾಕಬೇಕು. ಆಟೋದಲ್ಲಿ ಬಿಟ್ಟರೆ ಗಾಡಿ ತಿರುಗಿದಾಗಲೆಲ್ಲ ಮುಖದ ಬಣ್ಣ ಹಳದಿಯಿಂದ ನೀಲಿಗೆ ಹಾರುತ್ತೆ, ಅದನ್ನು ಆಮೇಲೆ ಸರಿಮಾಡಲು ಆಗಲ್ಲ. ಫೋಕಸ್ಸೂ ಕೈಯಲ್ಲೇ, ಹೆಡ್‌ಲೈಟು ಕಣ್ಣಿಗೆ ಹೊಡೆದರೆ ಆಟೋಫೋಕಸ್ ದಾರಿ ತಪ್ಪುತ್ತೆ.

ಜೊತೆಗೆ ಒಂದು ಪುಟ್ಟ ಎಲ್‌ಇಡಿ ಪ್ಯಾನೆಲ್ ಇತ್ತು. ಅದನ್ನು ಹಚ್ಚಿದ ಕೂಡಲೇ ಅಕ್ಕಿ ಚೀಲ ಏರಿಸುತ್ತಾ ಲಂಬಾಣಿಯಲ್ಲಿ ಜಗಳವಾಡುತ್ತಿದ್ದ ಇಬ್ಬರು ಸೆರಗು ಸರಿಮಾಡಿಕೊಂಡು ಕನ್ನಡಕ್ಕೆ ಬಂದರು. ಆರಿಸಿ ಹತ್ತು ನಿಮಿಷ ಬಿಟ್ಟ ಮೇಲೆ ಜಗಳ ಮುಂದುವರಿಯಿತು. ಅಲ್ಲಿಂದ ಮುಂದೆ ಪ್ಯಾನೆಲ್ ಬ್ಯಾಗಿನಿಂದ ಹೊರಗೆ ಬರಲಿಲ್ಲ. ಆ ಶಾಟಿನಲ್ಲಿ ಗಾಡಿಗೆ ಏರಿದ್ದು ಅಕ್ಕಿ, ಜೋಳದ ಹಿಟ್ಟು, ಕಂಬಳಿ, ಕುಕ್ಕರು, ಬುಟ್ಟಿಯಲ್ಲಿ ಎರಡು ಕೋಳಿ. ಕೊನೆಗೆ ಬೀಗದ ಕೈ ಊರಲ್ಲೇ ಉಳಿಯುವ ಮುದುಕಿಯ ಸೊಂಟದ ಚೀಲಕ್ಕೆ ಹೋಗುತ್ತೆ. ಬೀಗದ ಕೈ ಯಾರಿಗೆ ಸೇರುತ್ತೆ ಅನ್ನೋದನ್ನು ಮೊದಲೇ ತಿಳಿದುಕೊಂಡು ಕ್ಯಾಮೆರಾ ಅಲ್ಲಿ ನಿಲ್ಲಿಸಿ. ಎರಡು ಸೆಕೆಂಡಿನ ಕೆಲಸ ಅದು, ‘ಇನ್ನೊಂದ್ಸಲ ಕೊಡಿ’ ಅಂತ ಕೇಳಿದರೆ ಸುಳ್ಳಾಗುತ್ತೆ.

ಒಪ್ಪಿಗೆ ಪತ್ರದ ವಿಚಾರ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದೇ ಪುಟ. ಚಿತ್ರ ಎಲ್ಲೆಲ್ಲಿ ತೋರಿಸ್ತೀವಿ (ಉತ್ಸವ, ಶಾಲೆ ಕಾಲೇಜು, ಟಿವಿ, ಮೊಬೈಲು), ಎಡಿಟಿಂಗ್ ಮುಗಿಯುವವರೆಗೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಮಾತಿಗೆ ದುಡ್ಡಿಲ್ಲ ಆದರೆ ಕೆಲಸ ತಪ್ಪಿದ್ದಕ್ಕೆ ಕೊಡ್ತೀವಿ, ಫೋನ್ ನಂಬರು. ಓದಲು ಬಾರದವರಿಗೆ ಲಂಬಾಣಿಯಲ್ಲಿ ಓದಿ ಹೇಳಿ, ಓದಿದ್ದನ್ನೂ ಅವರ ಉತ್ತರವನ್ನೂ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕು. ಸಹಿ ಹಾಕಿಸೋದು ತಾಂಡಾದಲ್ಲಿ, ತೋಟದಲ್ಲಲ್ಲ. ತೋಟದಲ್ಲಿ ಮೇಸ್ತ್ರಿ ಪಕ್ಕದಲ್ಲಿ ನಿಂತಿರ್ತಾನೆ. ಅವನಿಂದ ಮುಂಗಡ ಪಡೆದವರು ಅವನೆದುರು ‘ಬೇಡ’ ಅನ್ನೋದು ಕಷ್ಟ, ‘ಹೂಂ’ ಅಂದರೂ ಅದು ನಿಮಗೆ ಹೇಳಿದ್ದಲ್ಲ. ತಾಂಡಾದ ಮುಖಂಡರಾದ ನಾಯಕ್, ಕಾರಭಾರಿಯವರನ್ನು ಮೊದಲು ಕಂಡು ಮಾತಾಡೋದು ಮರ್ಯಾದೆ. ಆದರೆ ಅವರ ಒಪ್ಪಿಗೆ ಮನೆಯವರ ಒಪ್ಪಿಗೆಗೆ ಬದಲಿಯಲ್ಲ.

ಮುಂಗಡದ ಮೊತ್ತ, ಮಾಲೀಕರ ಬಗ್ಗೆ ಆಡಿದ ಮಾತು, ಇಂಥವು ತೆರೆಯ ಮೇಲೆ ಬಂದರೆ ಮುಂದಿನ ವರ್ಷ ಆ ಮನೆಗೆ ಫೋನ್ ಬರಲ್ಲ, ಅಷ್ಟೆ. ಅದಕ್ಕೇ ಹೆಸರುಗಳಿಲ್ಲ. ಗೇಟಿನ ಬೋರ್ಡು, ಗಾಡಿಯ ನಂಬರ್ ಪ್ಲೇಟು ಮರೆಮಾಡೋದು ಎಲ್ಲರಿಗೂ ಹೊಳೆಯುತ್ತೆ. ಹೊಳೆಯದೇ ಇದ್ದದ್ದು ಗೋಣಿಚೀಲ. ತೋಟದ ಗುರುತು ಚೀಲದ ಮೇಲೆ ಅಚ್ಚೊತ್ತಿರುತ್ತೆ, ತೂಕದ ದೃಶ್ಯದ ತುಂಬ ಚೀಲಗಳೇ! ಎಡಿಟಿಂಗ್‌ನಲ್ಲಿ ಗೊತ್ತಾಗಿ ಆರು ಶಾಟ್‌ಗಳನ್ನು ಹಿಗ್ಗಿಸಿ ಕತ್ತರಿಸಬೇಕಾಯಿತು. ದೊಡ್ಡ ಅಳತೆಯ 4ಕೆಯಲ್ಲಿ ಹಿಡಿದು ಅದರ ಅರ್ಧ ಅಗಲದ 2ಕೆಯಲ್ಲಿ ಮುಗಿಸುತ್ತಿದ್ದರಿಂದ ಚಿತ್ರ ಮಸುಕಾಗದೆ ಉಳಿಯಿತು. ಇಲ್ಲದಿದ್ದರೆ ತೂಕದ ದೃಶ್ಯವೇ ಹೋಗುತ್ತಿತ್ತು.

ಆ ದೃಶ್ಯ ಬಿಟ್ಟರೆ ಚಿತ್ರವೇ ಇಲ್ಲ ಅನ್ನಬಹುದು. ಹಣ್ಣು ಕುಯ್ಯುವ ಕೂಲಿ ಕಿಲೋ ಲೆಕ್ಕದ್ದು. ಸಂಜೆ ಟಾರ್ಪಾಲಿನ ಮೇಲೆ ಹಣ್ಣು ಸುರಿದು, ಕಾಯಿ, ಎಲೆ, ಕಡ್ಡಿ ಆರಿಸಿ, ಚೀಲಕ್ಕೆ ತುಂಬಿ ತೂಗ್ತಾರೆ. ರೈಟ್ರು ಅಂಕಿ ಓದಿ ಪುಸ್ತಕಕ್ಕೆ ಬರೀತಾರೆ. ಚೀಲದ ತೂಕ, ಒದ್ದೆಯ ತೂಕ ಅಂತ ಕಳೆಯೋದು ಎಷ್ಟು ಅನ್ನುವಲ್ಲಿ ಕನ್ನಡದ ಮಾತುಕತೆ ನಡೆಯುತ್ತೆ. ಅಂಕಿ ಕೇಳಿದವಳು ತಿರುಗಿ ಹಿಂದಿನವಳಿಗೆ ಲಂಬಾಣಿಯಲ್ಲಿ ಒಂದು ಮಾತು ಹೇಳ್ತಾಳೆ. ರೈಟ್ರಿಗೆ ಅರ್ಥವಾಗಲ್ಲ, ಎಲ್ಲರೂ ನಗ್ತಾರೆ. ದಿನಕ್ಕೆ ಇಪ್ಪತ್ತು ಸಲ ನಡೆಯುವ ಈ ತಿರುಗುವಿಕೆಯನ್ನು ಹಿಡಿಯಲು ಕ್ಯಾಮೆರಾ ತಕ್ಕಡಿಯ ಕಡೆ ಇಡಬಾರದು, ಸಾಲಿನ ಪಕ್ಕ, ಎರಡನೆಯವಳ ಹೆಗಲಿನ ಎತ್ತರಕ್ಕೆ ಇಡಬೇಕು. ತಕ್ಕಡಿಯ ಅಂಕಿ ತೋರಿಸಬೇಕು ಅನ್ನುವ ಆಸೆಗೆ ಮೊದಲ ಎರಡು ಸಂಜೆ ಹಾಳಾದವು. ಅಂಕಿ ಕಿವಿಗೆ ಬಿದ್ದರೆ ಸಾಕು, ಮುಖ ಕಾಣಬೇಕು.

ಕಿಲೋ ಲೆಕ್ಕವಾದ್ದರಿಂದ ಪರಿಹಾರದ ಲೆಕ್ಕವೂ ಬೇರೆ. ಸಂದರ್ಶನಕ್ಕೆ ಒಂದು ಗಂಟೆ ಕೂರಿಸಿದರೆ ಅರ್ಧ ದಿನದ ಕೂಲಿ ಕೊಡೋದು ಧಾರಾಳತನದ ಹಾಗೆ ಕಾಣುತ್ತೆ. ಆದರೆ ಗಿಡದ ತುಂಬ ಹಣ್ಣಿರುವ ಬೆಳಗಿನ ಒಂದು ಗಂಟೆಗೂ ಮಧ್ಯಾಹ್ನದ ಒಂದು ಗಂಟೆಗೂ ಕಿಲೋ ಬಹಳ ವ್ಯತ್ಯಾಸ. ಹಿಂದಿನ ಮೂರು ದಿನದ ತೂಕ ಪುಸ್ತಕದಿಂದ ಬರೆದುಕೊಂಡು, ಸರಾಸರಿ ತೆಗೆದು, ಶೂಟಿಂಗ್ ದಿನ ಎಷ್ಟು ಕಡಿಮೆ ಬಿತ್ತೋ ಅಷ್ಟನ್ನು ಅದೇ ಸಂಜೆ ಕೊಡೋದು ಸರಿ. ಎಲ್ಲರಿಗೂ ಸಮ ಅಂತ ಹಂಚಿದರೆ ಜೋರಾಗಿ ಕುಯ್ಯುವವಳಿಗೆ ನಷ್ಟ, ಅವಳು ನಾಳೆ ನಿಮ್ಮ ಕಡೆ ತಲೆ ಹಾಕಲ್ಲ.

ಮಕ್ಕಳ ವಿಷಯ ಕಷ್ಟದ್ದು. ಕೆಲವು ಮನೆಯವರು ಮಕ್ಕಳನ್ನು ಅಜ್ಜಿಯ ಹತ್ತಿರವೋ ಹಾಸ್ಟೆಲ್ಲಿನಲ್ಲೋ ಬಿಡ್ತಾರೆ, ಕೆಲವರ ಜೊತೆಗೇ ಬರ್ತವೆ. ಕಾನೂನಿನಂತೆ 14ರ ಕೆಳಗಿನವರನ್ನು ಕೆಲಸಕ್ಕಿಡುವಂತಿಲ್ಲ. ಮಗು ಹಣ್ಣು ಬಿಡಿಸುವ ಶಾಟ್ ಒಂದು ಹೊರಗೆ ಬಂದರೆ ಮೊದಲು ಪ್ರಶ್ನೆ ಎದುರಿಸೋದು ತಾಯಿ, ಮಾಲೀಕರ ಸರದಿ ಆಮೇಲೆ. ಹಾಗಂತ ಮಕ್ಕಳೇ ಇಲ್ಲ ಅನ್ನುವ ಹಾಗೆ ತೋರಿಸೋದೂ ಮೋಸ. ಮುಖವಿಲ್ಲದೆ, ಲೈನ್ ಮನೆಯ ಒಳಗಿಂದ ಕೇಳುವ ಮಗ್ಗಿಯ ದನಿಯಾಗಿ, ಸಾಲಿನ ಕೊನೆಯ ಪುಟ್ಟ ಚಪ್ಪಲಿಗಳಾಗಿ ಇಟ್ಟೆವು. ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಈಗ ಧ್ವನಿ. 48 ಕಿಲೋಹರ್ಟ್ಜ್, 24 ಬಿಟ್, ಜೋರಿನ ಮಾತು ಮೈನಸ್ 12 ಡೆಸಿಬೆಲ್ ಸುತ್ತ ಬರುವ ಹಾಗೆ. ಒಂದು ಶಾಟ್‌ಗನ್ ಮೈಕು ಬೂಮಿನ ಮೇಲೆ, ಬಟ್ಟೆಗೆ ಸಿಕ್ಕಿಸುವ ಎರಡು ಕಾಲರ್ ಮೈಕು. ವಯಸ್ಸಾದ ಹೆಂಗಸರ ಉಡುಪೇ ಕಾಲರ್ ಮೈಕಿಗೆ ಶತ್ರು. ಕಾಂಚಳಿಗೆ (ರವಿಕೆಗೆ) ಕನ್ನಡಿ, ನಾಣ್ಯ, ಗೆಜ್ಜೆ ಹೊಲಿದಿರ್ತಾರೆ, ಕೂದಲಿಗೆ ಇಳಿಬಿಟ್ಟ ಘೂಗರಿ ಅನ್ನುವ ಒಡವೆ ಬೇರೆ. ಎದೆಯ ಮೇಲೆ ಮೈಕು ಸಿಕ್ಕಿಸಿದರೆ ಉಸಿರಾಡಿದಾಗೆಲ್ಲ ಝಲ್ ಅನ್ನುತ್ತೆ. ಆ ಝಣತ್ಕಾರ ‘ಸ’, ‘ಚ’, ‘ತ’ ಕೇಳಿಸುವ ಜಾಗದಲ್ಲೇ ಕೂರುವುದರಿಂದ ಫಿಲ್ಟರ್ ಹಾಕಿದರೆ ಮಾತೂ ಹೋಗುತ್ತೆ. ತಲೆಯ ಮೇಲಿನ ಬಟ್ಟೆಯ ಅಂಚಿನೊಳಗೆ, ಹಣೆಯ ಪಕ್ಕಕ್ಕೆ ಮೈಕು ಇಟ್ಟರೆ ಅರ್ಧ ಕಡಿಮೆಯಾಗುತ್ತೆ. ಅದೂ ಆಗದಿದ್ದರೆ ಬೂಮನ್ನು ಮೇಲಿನಿಂದ ಒಂದೂವರೆ ಅಡಿಗೆ ಇಳಿಸಬೇಕು.

ಒಂದು ಮಾತು ಇಲ್ಲೇ ಸೇರಿಸಬೇಕು. ತೋಟದ ಕೆಲಸಕ್ಕೆ ಯಾರೂ ಫೇಟಿಯಾ (ಲಂಗ), ಕಾಂಚಳಿ ಉಟ್ಟು ನಿಲ್ಲಲ್ಲ. ವಯಸ್ಸಾದ ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲ ಹಳೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಪೋಸ್ಟರ್ ಚೆನ್ನಾಗಿ ಬರಲಿ ಅಂತ ‘ನಿಮ್ಮ ಡ್ರೆಸ್ ಹಾಕ್ಕೊಂಡ್ ಬರ್ತೀರಾ ಅಕ್ಕಾ’ ಅಂತ ಕೇಳುವ ಚಪಲ ಪ್ರತಿ ತಂಡಕ್ಕೂ ಬರುತ್ತೆ. ಕೇಳಬೇಡಿ. ಹೋಳಿ ಹಬ್ಬಕ್ಕೆ ಅವರೇ ಉಡ್ತಾರೆ, ಆಗ ಆ ಬಟ್ಟೆಗೆ ಇರುವ ಅರ್ಥವೇ ಬೇರೆ. ಅಂಗಿ ತೊಟ್ಟವಳನ್ನು 15 ನಿಮಿಷ ನೋಡಿದ ಪ್ರೇಕ್ಷಕನಿಗೆ ಮಾತ್ರ ಆ ಕನ್ನಡಿಗಳು ಕಣ್ಣು ಕೋರೈಸೋದು.

ಬಯಲುಸೀಮೆಯಲ್ಲಿ ಗಾಳಿಯ ಕಾಟ, ತೋಟದಲ್ಲಿ ಜೀರುಂಡೆಯದು. ಮಾಯಕೊಂಡದಿಂದ ಚಿತ್ರದುರ್ಗದವರೆಗೆ ಗಾಳಿ ಎಷ್ಟಿದೆ ಅಂತ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿದರೆ ತಿಳಿಯುತ್ತೆ. ಮೈಕಿನ ಜೊತೆ ಬರುವ ಸ್ಪಂಜು ಸಾಲದು, ಕೂದಲಿನ ಗವಸು ಬೇಕೇಬೇಕು. ತೋಟದಲ್ಲಿ ಹೊತ್ತು ಮುಳುಗುವಾಗ ಜೀರುಂಡೆ ಶುರುವಾದರೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ತೆಗೆಯಲ್ಲ. ಮಾತು ಬೇಕಿದ್ದರೆ ಅದಕ್ಕೆ ಮುಂಚೆ ಮುಗಿಸಿ. ಪ್ರತಿ ಜಾಗದಲ್ಲೂ ಯಾರೂ ಮಾತಾಡದ 60 ಸೆಕೆಂಡಿನ ಮೌನ ರೆಕಾರ್ಡ್ ಮಾಡಿಕೊಳ್ಳಬೇಕು. ಲೈನ್ ಮನೆಯ ಮೌನದಲ್ಲಿ ತಗಡಿನ ಮೇಲೆ ಇಬ್ಬನಿ ತೊಟ್ಟಿಕ್ಕುತ್ತೆ, ತಾಂಡಾದ ಮೌನದಲ್ಲಿ ಗಾಳಿ ಸುಳಿಯುತ್ತೆ. ಇವನ್ನು ಅದಲು ಬದಲು ಮಾಡಿದರೆ ನೋಡುವವನಿಗೆ ಯಾಕೆಂದು ಗೊತ್ತಾಗದಿದ್ದರೂ ದೃಶ್ಯ ನಂಬಿಕೆಗೆ ಬರಲ್ಲ.

ನಿರೂಪಣೆಯ ದನಿ ಹಾಕಿ ನೋಡಿ ತೆಗೆದೆವು. ಸಾಣೇಹಳ್ಳಿಯ ರಂಗಶಾಲೆ ಇರುವ ಸೀಮೆ ಇದು, ಪಳಗಿದ ಕಂಠಗಳಿಗೆ ಬರವಿಲ್ಲ. ಆದರೆ ಕೊನೆಯ ಬೆಂಚಿಗೆ ತಲುಪುವಂತೆ ಪಳಗಿದ ಕಂಠ ಮೈಕಿನಿಂದ ಅರ್ಧ ಅಡಿಯಲ್ಲಿ ನಿಂತರೆ ಗುಳೆ ಹೋದವರ ಮೇಲೆ ನಿಂತು ಮಾತಾಡಿದ ಹಾಗೆ ಕೇಳಿಸುತ್ತೆ.

ಕ್ಯಾಮೆರಾದ ಉಳಿದ ಲೆಕ್ಕ ಬೇಗ ಹೇಳಿಬಿಡ್ತೀವಿ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಸೆಕೆಂಡಿಗೆ 25 ಫ್ರೇಮಿನಲ್ಲಿ ಹಿಡಿಯಿರಿ ಅಂತ ಹೇಳ್ತಾರೆ. ಥಿಯೇಟರಿಗೆ ಹೋಗುವ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿ, ಸಾಮಾನ್ಯವಾಗಿ 24 ಫ್ರೇಮಿನದು. 25ರದ್ದನ್ನು 24ಕ್ಕೆ ಇಳಿಸಿದರೆ 28 ನಿಮಿಷದ ಚಿತ್ರ 29 ನಿಮಿಷ 10 ಸೆಕೆಂಡ್ ಆಗುತ್ತೆ, ದನಿ ದಪ್ಪವಾಗುತ್ತೆ, ಸಬ್‌ಟೈಟಲ್ ಎಲ್ಲ ಮತ್ತೆ ಹೊಂದಿಸಬೇಕು. 24 ಫ್ರೇಮು, ಶಟರ್ 1/50 ಇಟ್ಟರೆ ಬಲ್ಬೂ ಮಿನುಗಲ್ಲ, ಆಮೇಲಿನ ತಾಪತ್ರಯವೂ ಇಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಗಂಟೆಗೆ 45 ಜಿಬಿ. 31 ಗಂಟೆ ಹಿಡಿದದ್ದು ಸುಮಾರು 1.4 ಟಿಬಿ ಆಯಿತು. 2 ಟಿಬಿಯ ಎರಡು ಡ್ರೈವು, ಎರಡು ಬೇರೆ ಬ್ಯಾಗಿನಲ್ಲಿ, ಎರಡೂ ಒಂದೇ ಗಾಡಿಯಲ್ಲಿ ಪ್ರಯಾಣ ಮಾಡಬಾರದು. ತೋಟದಲ್ಲಿ ಕರೆಂಟು ಹೋಗೋದು ಕಾಪಿ ನಡೆಯುವಾಗಲೇ. ಎರಡೂ ಪ್ರತಿ ತಾಳೆ ನೋಡುವವರೆಗೆ ಕಾರ್ಡ್ ಅಳಿಸಬೇಡಿ.

ಡ್ರೋನ್ ಬಗ್ಗೆ ಕೇಳುವವರಿಗೆ: 2021ರ ನಿಯಮದಂತೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ನೋಡಿಕೊಂಡೇ ಹಾರಿಸಬೇಕು. ಚಳ್ಳಕೆರೆ ಕಡೆ ಹೋಗುವವರು ಇನ್ನೂ ಹುಷಾರು, ಅಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಇದೆ. ಈ ಚಿತ್ರಕ್ಕೆ ಹಾರಿಸಲಿಲ್ಲ. ಮೇಲಿನಿಂದ ನೋಡಿದರೆ ಬೀಗ ಹಾಕಿದ ಮನೆಯೂ ತೆರೆದ ಮನೆಯೂ ಒಂದೇ ಥರ. ಚಿತ್ರದುರ್ಗದ ಕೋಟೆಯನ್ನು ‘ನಮ್ಮ ಗುರುತು’ ಅಂತ ಒಂದು ಶಾಟ್ ಸೇರಿಸೋಣ ಅನ್ನುವ ಸಲಹೆಯೂ ಬಂತು. ಪುರಾತತ್ವ ಇಲಾಖೆಯ ಅನುಮತಿ, ಶುಲ್ಕ ಎಲ್ಲ ಆಮೇಲಿನ ಮಾತು. ಈ ಮೂರು ಮನೆಯವರಿಗೂ ಆ ಕೋಟೆಗೂ ಏನು ಸಂಬಂಧ?

ಅನುವಾದಕ್ಕೆ ಬರೋಣ. ಇಲ್ಲೇ ಹೆಚ್ಚು ದಿನ ಹೋಯಿತು, ಇಲ್ಲೇ ಚಿತ್ರ ಸಿಕ್ಕಿತು. ಲಂಬಾಣಿಗೆ ತನ್ನದೇ ಲಿಪಿ ಇಲ್ಲ, ನಮ್ಮ ಕಡೆ ಕನ್ನಡ ಅಕ್ಷರದಲ್ಲೇ ಬರೆದುಕೊಳ್ತಾರೆ. ಮೊದಲು ಇಡೀ ಮಾತನ್ನು ಲಂಬಾಣಿಯಲ್ಲೇ, ಕನ್ನಡ ಲಿಪಿಯಲ್ಲಿ, ಟೈಮ್‌ಕೋಡ್ (ಯಾವ ನಿಮಿಷ, ಯಾವ ಸೆಕೆಂಡ್ ಅನ್ನುವ ಗುರುತು) ಸಮೇತ ಬರೆಸಬೇಕು. ಆಮೇಲೆ ಕನ್ನಡಕ್ಕೆ, ಅದೇ ಲಂಬಾಣಿ ಪ್ರತಿಯಿಂದ ಇಂಗ್ಲಿಷಿಗೆ. ಕನ್ನಡದಿಂದ ಇಂಗ್ಲಿಷಿಗೆ ಮಾಡಿದರೆ ಎರಡು ಸಲ ಸೋಸಿದ ಚಹಾ ಆಗುತ್ತೆ. ಹತ್ತು ನಿಮಿಷದ ಗುಂಪು ಮಾತು ಬರೆಯಲು ಮೂರು ನಾಲ್ಕು ಗಂಟೆ ಹಿಡಿಯುತ್ತೆ. ಬರೆಯುವವರಿಗೆ ಸರಿಯಾಗಿ ದುಡ್ಡು ಕೊಡಿ, ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಿ.

ಎರಡು ಪದಗಳು ವಾರಗಟ್ಟಲೆ ಕಾಡಿದವು. ಒಂದು ‘ಕೋರ್’. ತಮ್ಮವರನ್ನು ಗೋರ್ ಅಂತಾರೆ, ಲಂಬಾಣಿಗಳಲ್ಲದವರೆಲ್ಲ ಕೋರ್. ಮೊದಲ ಪ್ರತಿಯಲ್ಲಿ ‘ಹೊರಗಿನವರು’ ಅಂತ ಹಾಕಿದ್ದು ಓದಿದರೆ ಸಿಟ್ಟಿನ ಮಾತಿನ ಹಾಗಿತ್ತು. ಆಡಿದವಳ ದನಿಯಲ್ಲಿ ಸಿಟ್ಟೇ ಇಲ್ಲ, ಬರೀ ಲೆಕ್ಕ ಹೇಳ್ತಿದ್ದಾಳೆ: ಸಾಲಿನಲ್ಲಿ ಗೋರ್ ಇಷ್ಟು, ಕೋರ್ ಇಷ್ಟು. ಕೊನೆಗೆ ಪದವನ್ನು ಹಾಗೇ ಬಿಟ್ಟು, ಮೊದಲ ಸಲ ಬರುವಲ್ಲಿ ಮಾತ್ರ ಅರ್ಥ ಸೇರಿಸಿದೆವು.

ಇನ್ನೊಂದು ‘ಊರು’. ತಾಂಡಾದಲ್ಲಿ ಕೂತಾಗ ಊರು ಅಂದರೆ ಪಕ್ಕದ ಹಳ್ಳಿ, ಕೋರ್‌ಗಳದ್ದು. ‘ಊರಿಗ್ ಹೋಗಿ ಬೀಡಿ ತಗೊಂಬಾ.’ ತಮ್ಮದು ತಾಂಡಾ. ಅದೇ ಮನುಷ್ಯ ತೋಟದಲ್ಲಿ ರೈಟ್ರ ಮುಂದೆ ನಿಂತಾಗ ‘ನಮ್ಮೂರಾಗೆ ಮಳಿ ಇಲ್ರೀ’ ಅಂತಾನೆ. ಇನ್ನೂರು ಕಿಲೋಮೀಟರ್ ದಾಟಿದ ಮೇಲೆ ತಾಂಡಾ ಊರಾಯಿತು, ಪಕ್ಕದ ಹಳ್ಳಿಯೂ ಅದರೊಳಗೆ ಸೇರಿತು. ಇಂಗ್ಲಿಷಿನಲ್ಲಿ ಎರಡಕ್ಕೂ ‘ವಿಲೇಜ್’ ಅಂತ ಹಾಕಿದ್ದ ಮೊದಲ ಪ್ರತಿಯಲ್ಲಿ ಇದು ಮಾಯವಾಗಿತ್ತು. ಗೊತ್ತಾದ ಮೇಲೆ ಸಬ್‌ಟೈಟಲ್ ಮಾತ್ರ ತಿದ್ದಲಿಲ್ಲ, ಎಡಿಟಿಂಗನ್ನೇ ಬಿಚ್ಚಿದೆವು. 28 ನಿಮಿಷದಲ್ಲಿ ‘ಊರು’ 11 ಸಲ ಬರುತ್ತೆ, ಮೊದಲ 4 ಪಕ್ಕದ ಹಳ್ಳಿ, ಉಳಿದ 7 ತಾಂಡಾ. ಆ ತಿರುವಿನ ಸುತ್ತ ದೃಶ್ಯಗಳನ್ನು ಮತ್ತೆ ಜೋಡಿಸಿದ್ದು. ‘ಗುಳೆ’ಗೆ ‘ಮೈಗ್ರೇಷನ್’ ಹಾಕಲಿಲ್ಲ, ಅದು ಸರ್ಕಾರಿ ವರದಿಯ ಪದ. ‘ಗುಳೆ’ ಅಂತಲೇ ಇದೆ.

ಕನ್ನಡ ಸಬ್‌ಟೈಟಲ್ ಬರೋದು ಲಂಬಾಣಿ ಮಾತಿಗೆ ಮಾತ್ರ. ಹಾಗಾಗಿ ಕನ್ನಡಿಗರಿಗೆ ನುಡಿ ಬದಲಾದದ್ದು ಕಣ್ಣಿಗೂ ಕಾಣುತ್ತೆ, ಅಕ್ಷರ ಬಂತು, ಅಕ್ಷರ ಹೋಯಿತು. ಎರಡೂ ಬಾರದ ಪ್ರೇಕ್ಷಕರಿಗೆ ಇಂಗ್ಲಿಷಿನಲ್ಲಿ ಲಂಬಾಣಿ ನೇರ ಅಕ್ಷರ, ಕನ್ನಡ ಓರೆ ಅಕ್ಷರ, ಶುರುವಿನಲ್ಲೇ ಒಂದು ಕಾರ್ಡಿನಲ್ಲಿ ಹೇಳಿಬಿಡಬೇಕು.

ಕನ್ನಡ ಸಬ್‌ಟೈಟಲ್‌ನ ಕಾಟಗಳು ಪುಸ್ತಕದಲ್ಲಿ ಸಿಗಲ್ಲ. ಟೈಪ್ ಮಾಡಿಸಿದ ಕಡೆ ಹಳೆ ನುಡಿ ಫಾಂಟ್ ಇದ್ದರೆ ಫೈಲ್ ಯೂನಿಕೋಡ್ ಆಗಿರಲ್ಲ, ಎಸ್‌ಆರ್‌ಟಿ ಅನ್ನುವ ಸಬ್‌ಟೈಟಲ್ ಫೈಲಿಗೆ ಅಂಟಿಸಿದ ಕೂಡಲೇ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆಯಾಗುತ್ತೆ. ಪರಿವರ್ತಕಕ್ಕೆ ಹಾಕಿ, ಯುಟಿಎಫ್-8ನಲ್ಲಿ ಉಳಿಸಿ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ, ತಪ್ಪೋದು ಅಲ್ಲೇ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಟೆಕ್ಸ್ಟ್ ಎಂಜಿನ್ ಆರಿಸದಿದ್ದರೆ ಒತ್ತಕ್ಷರ ಕಿತ್ತು ಪಕ್ಕದಲ್ಲಿ ನಿಲ್ಲುತ್ತೆ, ‘ಅಕ್ಕ’ ‘ಅಕ್‌ಕ’ ಆಗ್ತಾಳೆ. ಎರಡು ಸಾಲು ಬಂದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ, ಸಾಲಿನ ನಡುವಿನ ಜಾಗ ಇಂಗ್ಲಿಷಿಗಿಂತ ಹೆಚ್ಚಿಸಬೇಕು. ಇಂಗ್ಲಿಷಿಗೆ ಸಾಲಿಗೆ 42 ಅಕ್ಷರದ ಮಿತಿ ಇಟ್ಟುಕೊಳ್ತಾರೆ, ಕನ್ನಡಕ್ಕೆ 30 ದಾಟಿದರೆ ಓದಿ ಮುಗಿಯೋದರೊಳಗೆ ಹೋಗಿಬಿಡುತ್ತೆ.

ಮೊದಲ ಪ್ರದರ್ಶನ ತಾಂಡಾದಲ್ಲೇ, ಹೋಳಿ ಕಳೆದು ಎಲ್ಲರೂ ಮನೆಯಲ್ಲಿದ್ದಾಗ, ಸೇವಾಲಾಲ್ ಮರಿಯಮ್ಮ ಗುಡಿಯ ಮುಂದೆ. 3,000 ಲ್ಯೂಮೆನ್ ಪ್ರೊಜೆಕ್ಟರು, ಹತ್ತು ಅಡಿ ಅಗಲದ ಬಿಳಿ ಪಂಚೆ, ಏಳೂವರೆಯ ಮೇಲೆ. ಪೂರ್ತಿ ಕತ್ತಲಾಗುವ ಮುಂಚೆ ಶುರು ಮಾಡಿದರೆ ಹೊರಡುವ ರಾತ್ರಿಯ ದೃಶ್ಯ ಏನೂ ಕಾಣಲ್ಲ. ಇದು ಮೆರವಣಿಗೆಯ ಪ್ರದರ್ಶನ ಅಲ್ಲ, ಒಪ್ಪಿಗೆಯ ಎರಡನೇ ಸುತ್ತು. ಯಾವುದು ಬೇಡ ಅಂತ ಅಲ್ಲೇ ಕೇಳಿದರೆ ಯಾರೂ ಎಲ್ಲರೆದುರು ಹೇಳಲ್ಲ, ಮರುದಿನ ಮನೆ ಮನೆಗೆ ಹೋಗಬೇಕು. ಎರಡು ಜಾಗ ತೆಗೆಯಿರಿ ಅಂದರು, ತೆಗೆದೆವು. ಒಂದು ಸಾಲದ ಮಾತು. ಇನ್ನೊಂದು, ನಮಗೆ ಬಹಳ ಇಷ್ಟವಾಗಿದ್ದ, ಮುದುಕಿಯೊಬ್ಬಳು ಒಂಟಿಯಾಗಿ ಢಾವಲೋ ಹಾಡಿಕೊಳ್ಳುವ ಶಾಟ್. ಮಗಳನ್ನು ಕಳಿಸುವಾಗ ಅಳುತ್ತಾ ಹಾಡುವ ಹಾಡು ಅದು, ಮನೆಯವರೆಲ್ಲ ಗುಳೆ ಹೋಗಿರುವಾಗ ಹಾಡಿದ್ದನ್ನು ಊರೆಲ್ಲ ನೋಡೋದು ಬೇಡ ಅಂದಳು.

ಉತ್ಸವಗಳಲ್ಲಿ ತೋರಿಸಲು ಪ್ರಮಾಣಪತ್ರಕ್ಕೆ ವಿನಾಯಿತಿ ಸಿಗುತ್ತೆ. ಬೇರೆ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಬೇಕು, ಅರ್ಜಿ ಈಗ ಆನ್‌ಲೈನ್, ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿ. 2024ರ ನಿಯಮದಿಂದ ಯುಎ (ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದ) ವರ್ಗ 7+, 13+, 16+ ಅಂತ ಮೂರಾಗಿದೆ. ಎರಡು ಕಡೆ ಸಿಕ್ಕಿಹಾಕಿಕೊಳ್ತೀರಿ. ಎತ್ತು, ಮೇಕೆ, ಕೋಳಿ ಕಂಡರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರದ ಪ್ರಶ್ನೆ ಬರುತ್ತೆ. ಬುಟ್ಟಿಯ ಆ ಎರಡು ಕೋಳಿಗೂ ಬಂತು. ಬೀಡಿ ಸೇದುವ ಶಾಟ್ ಇದ್ದರೆ ಶುರುವಿನಲ್ಲಿ, ಮಧ್ಯದಲ್ಲಿ 30 ಸೆಕೆಂಡಿನ ಎಚ್ಚರಿಕೆ ಚಿತ್ರ, ಬೀಡಿ ಕಂಡಷ್ಟು ಹೊತ್ತು ಕೆಳಗೆ ಬರಹ. ಮೂರು ಗಂಟೆಯ ಸಿನಿಮಾಕ್ಕೆ ಅದು ಏನೂ ಅಲ್ಲ, 28 ನಿಮಿಷದ ಚಿತ್ರದ ಉಸಿರೇ ಕಟ್ಟುತ್ತೆ. ಬೆಂಕಿ ಕಾಯಿಸುವ ಮುದುಕರ ಬಾಯಿಂದ ಬೀಡಿ ಬಿಡಿಸೋದು ಸಾಧ್ಯವಿಲ್ಲ, ಚೌಕಟ್ಟನ್ನು ಕೈಗಳ ಮೇಲೆ ಇಟ್ಟುಕೊಳ್ಳಿ.

ಹಲವು ಉತ್ಸವಗಳು ಕಿರು ಸಾಕ್ಷ್ಯಚಿತ್ರಕ್ಕೆ 40 ನಿಮಿಷದ ಗೆರೆ ಇಟ್ಟಿವೆ. ತಿರುವನಂತಪುರದ ಕಿರುಚಿತ್ರ ಮತ್ತು ಸಾಕ್ಷ್ಯಚಿತ್ರೋತ್ಸವ, ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬೈ ಉತ್ಸವ ಇಂಥ ಚಿತ್ರಗಳಿಗೆ ಸಹಜ ಜಾಗ. ಫಲಿತಾಂಶ ಬರುವ ಮುಂಚೆ ಯೂಟ್ಯೂಬಿಗೆ ಹಾಕಿದರೆ ಮೊದಲ ಪ್ರದರ್ಶನ ಕೇಳುವ ಕಡೆ ಬಾಗಿಲು ಮುಚ್ಚುತ್ತೆ, ಪಾಸ್‌ವರ್ಡ್ ಇರುವ ಲಿಂಕ್ ಕಳಿಸಿ.

ಎಲ್ಲ ಅರ್ಜಿಗಳಲ್ಲೂ ‘ಭಾಷೆ’ ಅಂತ ಒಂದು ಖಾನೆ ಇರುತ್ತೆ. ಕೆಲವು ಕಡೆ ಆರಿಸಿಕೊಳ್ಳುವ ಪಟ್ಟಿ, ಪಟ್ಟಿಯಲ್ಲಿ ಲಂಬಾಣಿ ಇರಲ್ಲ. 2011ರ ಜನಗಣತಿಯಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಇದನ್ನು ತಾಯ್ನುಡಿ ಅಂತ ಬರೆಸಿದ್ದಾರೆ, ಅಲ್ಲಿ ಅದನ್ನು ಹಿಂದಿಯ ಕೆಳಗೆ ಸೇರಿಸಿದೆ. ಹಿಂದಿ ಅಂತ ಗುರುತು ಹಾಕಿದರೆ ಚಿತ್ರ ಹಿಂದಿ ತೀರ್ಪುಗಾರರ ಕಡೆ ಹೋಗುತ್ತೆ, ಬರೀ ಕನ್ನಡ ಅಂದರೆ ಅರ್ಧ ಸುಳ್ಳು. ‘ಇತರೆ’ ಆರಿಸಿ, ಪಕ್ಕದಲ್ಲಿ ಬರೆಯಲು ಜಾಗ ಇಲ್ಲದಿದ್ದರೆ ಸಾರಾಂಶದ ಮೊದಲ ಸಾಲಿನಲ್ಲೇ ಬರೆಯಿರಿ. ಅಂತರರಾಷ್ಟ್ರೀಯ ಭಾಷಾ ಸಂಕೇತಗಳಲ್ಲಿ ಲಂಬಾಣಿಗೆ ‘ಎಲ್‌ಎಂಎನ್’ ಅನ್ನುವ ಮೂರಕ್ಷರ ಇದೆ, ಕೇಳಿದ ಕಡೆ ಅದನ್ನು ಕೊಡಬಹುದು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದಕ್ಕೆ ಟೈಮ್‌ಲೈನಿನಲ್ಲಿ ಅಳೆದೆವು: ಲಂಬಾಣಿ ಮಾತು 13 ನಿಮಿಷ, ಕನ್ನಡ 6, ಉಳಿದದ್ದು ಗಾಳಿ, ಗಾಡಿ, ತೂಕದ ಸದ್ದು. ‘ಲಂಬಾಣಿ, ಕನ್ನಡ’ ಅಂತ ಅದೇ ಕ್ರಮದಲ್ಲಿ ಬರೆದು ಕಳಿಸಿದೆವು.